ಭಾರಿ ಲಾರಿ ಹಗಲೂ ಬೇಡ, ರಾತ್ರಿನೂ ಬೇಡ ಅಂತ ಮನವಿ: ಸಹಿ ಹಾಕಬೇಕಾ ಬೇಡ್ವಾ?

ನಂದಿನಿಲೇಔಟ್_ನಿವಾಸಿ
ಗೊರಗುಂಟೆಪಾಳ್ಯ, ಲಗ್ಗೆರೆ, ಯಶವಂತಪುರ ಕಡೆಯವರು ಯಾರಾದ್ರೂ ಇದ್ರೆ ಹೇಳಿ. ನಮ್ಮ ಏರಿಯಾ ಸಂಘದವರು ಪಾಲಿಕೆಗೆ ಮನವಿ ಕೊಡೋಕೆ ಮನೆ ಮನೆಗೆ ಬಂದು ಸಹಿ ತಗೋತಿದ್ದಾರೆ. ಬೇಡಿಕೆ ಇಷ್ಟೇ: ಹತ್ತು ಚಕ್ರ ಮತ್ತು ಅದಕ್ಕಿಂತ ದೊಡ್ಡ ಲಾರಿಗಳು ರಿಂಗ್ ರೋಡ್ ಒಳಗಡೆ ಯಾವ ಹೊತ್ತಲ್ಲೂ ಬರಬಾರದು.

ಈಗ ಪೀಕ್ ಅವರ್‌ನಲ್ಲಿ ತಡೀತಾರೆ, ನಿಜ. ಆದ್ರೆ ತಡೆದ ಲಾರಿ ಎಲ್ಲಿಗೆ ಹೋಗುತ್ತೆ? ನಮ್ಮ ಸರ್ವಿಸ್ ರೋಡಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತೆ. ಫುಟ್‌ಪಾತ್ ಮೇಲೆ ಒಂದು ಸಾಲು ಚಕ್ರ, ರಸ್ತೆಯಲ್ಲಿ ಇನ್ನೊಂದು ಸಾಲು. ಸ್ಕೂಲಿಗೆ ಹೋಗೋ ಮಕ್ಕಳು ರಸ್ತೆ ಮಧ್ಯಕ್ಕೆ ಇಳಿದು ನಡೀಬೇಕು. ಟೈಮ್ ಮುಗಿದ ತಕ್ಷಣ ಎಲ್ಲಾ ಒಟ್ಟಿಗೆ ಸ್ಟಾರ್ಟ್. ರಾತ್ರಿ ಕೇಳಲೇಬೇಡಿ. ಏರ್ ಬ್ರೇಕ್ ಬಿಡೋ ಸದ್ದು, ಹಿಂದಿನ ಬಾಗಿಲು ಧಡಾರ್ ಅಂತ ಬೀಳೋದು, ಕ್ಲೀನರ್ ಹುಡುಗ ಬಾಡಿ ತಟ್ಟಿಕೊಂಡು "ಬರ್ಲಿ, ಬರ್ಲಿ, ಲೆಫ್ಟ್ ಒಡಿ, ಹೋಲ್ಡಾನ್!" ಅಂತ ಕೂಗೋದು. ಮನೇಲಿ ಹಾರ್ಟ್ ಆಪರೇಷನ್ ಆದ ನಮ್ಮ ಮಾವನೋರು ಇದ್ದಾರೆ, ಅವರಿಗೆ ನಿದ್ದೆ ಇಲ್ಲ.

ನಾನಿನ್ನೂ ಸಹಿ ಹಾಕಿಲ್ಲ. ಪೂರ್ತಿ ನಿಷೇಧ ಅಂದ್ರೆ ಸ್ವಲ್ಪ ಜಾಸ್ತಿ ಆಯ್ತೇನೋ ಅನ್ನಿಸ್ತಿದೆ. ಏನಂತೀರಿ?

ರಾಜಾಜಿನಗರ_ರಘು
ಯೋಚನೆ ಮಾಡೋಕೆ ಏನಿದೆ ಇದ್ರಲ್ಲಿ? ಹಾಕಿ ಸಹಿ.

ಯಾರ್ಡ್_ಮಂಡಿಯವ
ಹಾಕಿ ಸ್ವಾಮಿ, ಧಾರಾಳವಾಗಿ ಹಾಕಿ. ಆಮೇಲೆ ತೊಗರಿಬೇಳೆ ತರೋಕೆ ನೆಲಮಂಗಲಕ್ಕೆ ಸ್ಕೂಟರ್ ತಗೊಂಡು ಹೋಗಿ.

ಯಶವಂತಪುರ ಯಾರ್ಡಿಗೆ, ಅಂದ್ರೆ ನಮ್ಮ ಸಗಟು ಮಾರುಕಟ್ಟೆಗೆ, ಕಲಬುರಗಿ ಕಡೆಯಿಂದ ಬೇಳೆ ಬರುತ್ತೆ, ಮಹಾರಾಷ್ಟ್ರದಿಂದ ಈರುಳ್ಳಿ ಬರುತ್ತೆ. ಯಾವುದೂ ಬುಟ್ಟಿಯಲ್ಲಿ ಬರಲ್ಲ, ಫುಲ್ ಲೋಡ್ ಲಾರಿಯಲ್ಲೇ ಬರುತ್ತೆ. ಅದನ್ನ ಊರ ಹೊರಗೆ ಇಳಿಸಿ, ಟೆಂಪೋಗೆ ಹತ್ತಿಸಿ, ಮತ್ತೆ ಇಲ್ಲಿ ಇಳಿಸಬೇಕು ಅಂದ್ರೆ ಹಮಾಲಿ ಎರಡು ಸಲ, ಬಾಡಿಗೆ ಎರಡು ಸಲ. ಮೂಟೆ ಹರಿದು ಚೆಲ್ಲಿದ್ದು ಬೇರೆ. ಆ ದುಡ್ಡು ನಮ್ಮ ಜೇಬಿಂದ ಹೋಗುತ್ತೆ ಅಂದ್ಕೊಂಡ್ರಾ? ನಿಮ್ಮ ಸಾರಿನ ಪಾತ್ರೆಗೇ ಬರೋದು ಅದು.

ರಾಜಾಜಿನಗರ_ರಘು
@ಯಾರ್ಡ್_ಮಂಡಿಯವ ನೀವು ಯಾರ್ಡನ್ನೇ ಊರ ಹೊರಗೆ ತಗೊಂಡು ಹೋಗಿ. ದಾಸನಪುರದಲ್ಲಿ ಉಪ ಮಾರುಕಟ್ಟೆ ಕಟ್ಟಿದ್ದು ಯಾತಕ್ಕೆ? ಹೋಗಿ ಅಂದ್ರೆ ಪ್ರತಿಭಟನೆ ಮಾಡಿದ್ದು ಯಾರು?

ಯಾರ್ಡ್_ಮಂಡಿಯವ
ಅಂಗಡಿಯವನು ಹೋಗ್ತಾನೆ ಸಾರ್. ಅವನ ಗಿರಾಕಿ ಬರಬೇಕಲ್ಲ? ಮಲ್ಲೇಶ್ವರದ ಹೋಟೆಲಿನವನು ಎರಡು ಮೂಟೆ ಈರುಳ್ಳಿಗೆ ದಾಸನಪುರಕ್ಕೆ ಬರ್ತಾನಾ?

ಕರಿಕೋಟು
ಮೊದಲು ವಿಳಾಸ ಸರಿ ಮಾಡ್ಕೊಳಿ. ಲಾರಿ ತಡೆಯೋ ಅಧಿಕಾರ ಪಾಲಿಕೆದಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 115 ನೋಡಿ: ಸಾರ್ವಜನಿಕ ಸುರಕ್ಷತೆ, ಅನುಕೂಲ, ಅಥವಾ ರಸ್ತೆ, ಸೇತುವೆಯ ಸ್ವರೂಪದ ಕಾರಣಕ್ಕೆ ಯಾವ ರಸ್ತೆಯಲ್ಲಿ ಯಾವ ವಾಹನ ಬೇಡ ಅಂತ ರಾಜ್ಯ ಸರ್ಕಾರ, ಅಥವಾ ಸರ್ಕಾರ ಅಧಿಕಾರ ಕೊಟ್ಟವರು, ಅಧಿಸೂಚನೆ ಹೊರಡಿಸಬಹುದು. ಬೆಂಗಳೂರಲ್ಲಿ ಆ ಆದೇಶ ಬರೋದು ಪೊಲೀಸ್ ಕಡೆಯಿಂದ. ಒಂದು ತಿಂಗಳ ಒಳಗಿನ ನಿರ್ಬಂಧಕ್ಕೆ ಗೆಜೆಟ್ ಕೂಡ ಬೇಕಿಲ್ಲ, ಆ ಜಾಗದಲ್ಲಿ ಜನಕ್ಕೆ ಗೊತ್ತಾಗೋ ಹಾಗೆ ತಿಳಿಸಿದ್ರೆ ಸಾಕು.

ಪಾಲಿಕೆ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ರಸ್ತೆ ಅವರದು, ಫುಟ್‌ಪಾತ್ ಅವರದು, ಟ್ರೇಡ್ ಲೈಸೆನ್ಸ್ ಅವರದು. ವಸತಿ ಗಲ್ಲಿಯಲ್ಲಿ ಗೋಡೌನ್ ನಡೀತಿದ್ರೆ ಆ ಲೈಸೆನ್ಸ್ ಕೊಟ್ಟಿದ್ದು ಯಾರು ಅಂತ ಕೇಳಿ. ಲಾರಿ ಸುಮ್ಮನೆ ನಿಮ್ಮ ಬೀದಿಗೆ ಬರಲ್ಲ, ಗೋಡೌನ್ ಇದ್ದಲ್ಲಿಗೆ ಬರುತ್ತೆ.

ನಂದಿನಿಲೇಔಟ್_ನಿವಾಸಿ
ಇದು ಉಪಯೋಗಕ್ಕೆ ಬರೋ ಮಾತು. ಸಂಘದವರು ಪಾಲಿಕೆ ಆಯುಕ್ತರ ಹೆಸರಿಗೆ ಮಾತ್ರ ಬರೆದಿದ್ದಾರೆ.

ಹಳೇಬೆಂಗ್ಳೂರು
ಪಾಲಿಕೆ ಅಂದ್ರೆ ಈಗ ಯಾವುದು ಅಂತಾನೇ ಜನಕ್ಕೆ ಗೊತ್ತಿಲ್ಲ. 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಮಾಡಿ ಐದು ಪಾಲಿಕೆ ಮಾಡಿದ್ರು. ಲಾರಿ ಒಂದು ಪಾಲಿಕೆಯಲ್ಲಿ ನಿಲ್ಲುತ್ತೆ, ಇನ್ನೊಂದರಲ್ಲಿ ಅನ್‌ಲೋಡ್ ಆಗುತ್ತೆ. ಮನವಿ ಯಾರಿಗೆ ಕೊಡ್ತೀರಿ?

ಟೆಂಪೋ_ಲೆಕ್ಕ
ದೊಡ್ಡ ಲಾರಿ ಬೇಡ ಅನ್ನೋರು ಸ್ವಲ್ಪ ಲೆಕ್ಕ ಹಾಕಿ. ಹತ್ತು ಚಕ್ರದ ಗಾಡಿ ಸುಮಾರು 18 ಟನ್ ಹೊರುತ್ತೆ ಅಂತಿಟ್ಕೊಳಿ. ಟಾಟಾ ಏಸ್ 750 ಕೆಜಿ. ಒಂದು ಲಾರಿ ನಿಲ್ಲಿಸಿದ್ರೆ 24 ಏಸ್ ಒಳಗೆ ಬರುತ್ತೆ. ಬಂಪರಿಗೆ ಬಂಪರ್ ತಾಗಿಸಿ ನಿಲ್ಲಿಸಿದ್ರೂ 90 ಮೀಟರ್ ಉದ್ದ. ಲಾರಿ ಉದ್ದ ಹತ್ತು ಮೀಟರ್ ಆಸುಪಾಸು. ಜಾಮ್ ಕಮ್ಮಿ ಆಗುತ್ತಾ ಜಾಸ್ತಿ ಆಗುತ್ತಾ, ನೀವೇ ಹೇಳಿ.

ಡಾಂಬರು_ಎಂಜಿನಿಯರ್
@ಟೆಂಪೋ_ಲೆಕ್ಕ ಜಾಗದ ಲೆಕ್ಕ ಸರಿ, ರಸ್ತೆ ಬಾಳಿಕೆ ಲೆಕ್ಕ ಬಿಟ್ಟುಬಿಟ್ರಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆ ಹಾಕಿ, ಅದರ ಮೇಲೆ ಲಾರಿ ಓಡಿಸಿ ಓಡಿಸಿ ಪರೀಕ್ಷೆ ಮಾಡಿದ್ರು. ಆಗ ಕಂಡುಕೊಂಡಿದ್ದು, ಆಕ್ಸಲ್ ಮೇಲಿನ ಭಾರ ಹೆಚ್ಚಾದ್ರೆ ರಸ್ತೆಗಾಗೋ ಹಾನಿ ಹೆಚ್ಚುಕಮ್ಮಿ ಅದರ ನಾಲ್ಕನೇ ಘಾತದಷ್ಟು ಏರುತ್ತೆ ಅಂತ. ಭಾರ ಎರಡು ಪಟ್ಟಾದ್ರೆ ಹಾನಿ ಹದಿನಾರು ಪಟ್ಟು. 24 ಏಸ್ ಒಟ್ಟಿಗೆ ಹೋದ್ರೂ ಡಾಂಬರಿಗೆ ಗೊತ್ತೇ ಆಗಲ್ಲ. ಒಂದು ಓವರ್‌ಲೋಡ್ ಟಿಪ್ಪರ್ ಹೋದ್ರೆ ಕಿತ್ಕೊಂಡು ಬರುತ್ತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನೇ ಏರಿಸಿತು. ನಾಲ್ಕು ಟೈರಿನ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯ್ತು. ಹತ್ತು ಚಕ್ರದ ಗಾಡಿಯ ಒಟ್ಟು ತೂಕ 25ರಿಂದ 28.5 ಟನ್‌ಗೆ ಹೋಯ್ತು. ನೋಡೋಕೆ ಸಣ್ಣ ಏರಿಕೆ, ನಾಲ್ಕನೇ ಘಾತ ಹಾಕಿದ್ರೆ ಒಂದು ಆಕ್ಸಲ್ ಮಾಡೋ ಹಾನಿ ಶೇ 60ರಷ್ಟು ಜಾಸ್ತಿ. ನಮ್ಮ ವಾರ್ಡ್ ರಸ್ತೆಗಳನ್ನ ಆ ಭಾರಕ್ಕೆ ಅಂತ ಯಾರೂ ಹಾಕಿಲ್ಲ. ಆಮೇಲೆ ಗುತ್ತಿಗೆದಾರ ಕಳಪೆ ಕೆಲಸ ಮಾಡಿದ ಅಂತ ಬೈತೀವಿ. ಮಾಡಿರ್ತಾನೆ, ಅದು ಬೇರೆ ಮಾತು.

ರಾಜಾಜಿನಗರ_ರಘು
ಅಂದ್ರೆ ನಾನು ಹೇಳಿದ್ದೇ ಸರಿ.

ಡಾಂಬರು_ಎಂಜಿನಿಯರ್
ಅರ್ಧ ಸರಿ. ಓವರ್‌ಲೋಡ್ ಹಿಡೀರಿ ಅಂತ ನಾನು ಹೇಳ್ತಿರೋದು. 2019ರ ತಿದ್ದುಪಡಿ ಆದ್ಮೇಲೆ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. ಕಾನೂನಿಗೇನೂ ಕೊರತೆ ಇಲ್ಲ, ತೂಕ ಹಾಕಿ ನೋಡೋರು ಬೇಕು.

ಎಂಟನೇಮೈಲಿ
ಪ್ರಯೋಗ ನೋಡಬೇಕಾ? ನಾವು ಅನುಭವಿಸಿದ್ದೀವಿ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಫ್ಲೈಓವರ್ ಕೇಬಲ್ ಹಾಳಾಗಿದೆ ಅಂತ ಮುಚ್ಚಿದ್ರು. ಕೆಲವು ವಾರ ಬಿಟ್ಟು ಕಾರು, ಬೈಕಿಗೆ ಬಿಟ್ರು. ಲಾರಿ, ಬಸ್ಸಿಗೆ ಬಿಟ್ಟಿದ್ದು 2024ರ ಜುಲೈ ಕೊನೆಗೆ, ಅದೂ ಶುಕ್ರವಾರ ಬಿಟ್ಟು. ಅಲ್ಲೀವರೆಗೂ ತುಮಕೂರು ರೋಡಿನ ಅಷ್ಟೂ ಲಾರಿ ಕೆಳಗಡೆ ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ಮೇಲೇ. ಕಾರಿನವರು ಮೇಲೆ ಜುಮ್ ಅಂತ ಹೋಗೋರು, ನಾವು ಕೆಳಗೆ ಹೊಗೆ ಕುಡೀತಾ ನಿಲ್ಲೋರು. ಬಸ್ ಸ್ಟಾಪಲ್ಲಿ ನಿಂತ್ರೆ ಬಿಳಿ ಶರ್ಟು ಬೂದಿ ಬಣ್ಣ ಆಗೋದು.

ಲಾರಿ ನಿಷೇಧ ಅಂದ್ರೆ ಯಾವಾಗ್ಲೂ ಇದೇ ಕಥೆ. ಒಂದು ರಸ್ತೆಯಿಂದ ಎತ್ತಿ ಇನ್ನೊಬ್ಬರ ಮನೆ ಮುಂದೆ ಹಾಕೋದು. ಆ ಇನ್ನೊಬ್ಬರು ಸಾಮಾನ್ಯವಾಗಿ ಬಾಡಿಗೆ ಮನೆಯವರು, ಫ್ಯಾಕ್ಟರಿ ಕೆಲಸದವರು. ಸಂಘ ಕಟ್ಕೊಂಡು ಮನವಿ ಕೊಡೋ ಪುರುಸೊತ್ತು ಅವರಿಗೆ ಇರಲ್ಲ.

ನಂದಿನಿಲೇಔಟ್_ನಿವಾಸಿ
ನಮಗೂ ಪುರುಸೊತ್ತು ಇದೆ ಅಂತಲ್ಲ ಸಾರ್. ನಿದ್ದೆ ಇಲ್ಲ, ಅದಕ್ಕೆ ಬರೀತಿದ್ದೀವಿ.

ಗಾಡಿ_ಡ್ರೈವರ್_ಸಿರಾ
ಓದ್ತಾ ಇದೀನಿ, ಲಾರಿ ಓಡ್ಸೋನು ನಾನು. ನನ್ನದೂ ಒಂದು ಮಾತು ಕೇಳಿ ಅಣ್ಣಾ.

ಸೊಲ್ಲಾಪುರದಿಂದ ರಾತ್ರಿಯೆಲ್ಲಾ ಗಾಡಿ ಹೊಡ್ಕೊಂಡು ಬರ್ತೀವಿ. ಚಿತ್ರದುರ್ಗ ಬೈಪಾಸ್‌ನಲ್ಲಿ ಒಂದು ಜಾಮ್ ಆದ್ರೂ ಸಾಕು, ಬೆಂಗಳೂರಿಗೆ ಬರೋ ಹೊತ್ತಿಗೆ ಟೈಮ್ ದಾಟಿರುತ್ತೆ. ಆಮೇಲೆ ಗಾಡಿ ಸೈಡಿಗೆ ಹಾಕಿ ಕೂತ್ಕೋಬೇಕು. ಎಲ್ಲಿ ಕೂತ್ಕೊಳೋದು? ಕಕ್ಕಸು ಇಲ್ಲ, ಸ್ನಾನಕ್ಕೆ ನೀರಿಲ್ಲ. ಕಣ್ಣು ಮುಚ್ಚಿದ್ರೆ ಟ್ಯಾಂಕಿಂದ ಡೀಸೆಲ್ ಕದೀತಾರೆ, ತಾಡಪಾಲು ಹರೀತಾರೆ. ಮಾಲು ಲೇಟಾಯ್ತು ಅಂತ ಪಾರ್ಟಿ ಬಾಡಿಗೆಯಲ್ಲಿ ಹಿಡೀತಾನೆ, ಹಾಲ್ಟಿಂಗ್ ದುಡ್ಡು ಕೇಳಿದ್ರೆ ಮಾಲೀಕನ ಕೇಳು ಅಂತಾನೆ. ಇನ್ನು ಕೆಲವು ಕಡೆ ಟೈಮ್ ಆಗದೇ ಇದ್ರೂ ಕೈ ಬಿಸಿ ಮಾಡಿದ್ರೆ ದಾರಿ ಬಿಡುತ್ತೆ. ಎಲ್ಲಿ, ಯಾರು ಅಂತ ನಾನು ಹೇಳಲ್ಲ, ಹೊಟ್ಟೆಪಾಡು.

ನಿಮ್ಮ ಸರ್ವಿಸ್ ರೋಡಲ್ಲಿ ನಿಲ್ಲೋಕೆ ನಮಗೇನು ಆಸೆನಾ? ನಿಲ್ಲೋಕೆ ಜಾಗ ತೋರಿಸಿ, ಅಲ್ಲೇ ನಿಲ್ತೀವಿ.

ಹಳೇಬೆಂಗ್ಳೂರು
@ಗಾಡಿ_ಡ್ರೈವರ್_ಸಿರಾ ಯಶವಂತಪುರ ಟ್ರಕ್ ಟರ್ಮಿನಲ್ ಇದೆಯಲ್ಲ, ದೇವರಾಜ ಅರಸು ಹೆಸರಿಂದು?

ಗಾಡಿ_ಡ್ರೈವರ್_ಸಿರಾ
ಇದೆ ಅಣ್ಣಾ. ಅದು ಊರೊಳಗೆ ಇದೆ. ಒಳಗೆ ಬಿಡದ ಹೊತ್ತಲ್ಲಿ ನಿಲ್ಲೋಕೆ ಹೊರಗೆ ಜಾಗ ಬೇಕು ಅಂತ ನಾನು ಹೇಳಿದ್ದು. ತುಮಕೂರು ರೋಡಲ್ಲೊಂದು, ಹೊಸೂರು ರೋಡಲ್ಲೊಂದು, ಹಳೇ ಮದ್ರಾಸ್ ರೋಡಲ್ಲೊಂದು. ಬೇರೇನೂ ಕೇಳ್ತಿಲ್ಲ.

ಅಮ್ಮು_ಮತ್ತಿಕೆರೆ
ಡ್ರೈವರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಲಾರಿ ಕ್ಯಾಬಿನ್‌ಗೆ ಎಸಿ ಕಡ್ಡಾಯ ಆಗಿದ್ದೇ 2025ರ ಅಕ್ಟೋಬರ್‌ನಿಂದ, ಅದೂ ಹೊಸ ಗಾಡಿಗಳಿಗೆ ಮಾತ್ರ. ಬೇಸಿಗೆ ಮಧ್ಯಾಹ್ನ ಆ ತಗಡಿನ ಡಬ್ಬಿ ಒಳಗೆ ಮಲಗಿ ನೋಡಿ ಒಂದು ಸಲ.

ಕ್ರಾಯ್ಡನ್_ಕನ್ನಡಿಗ
ನಾನಿರೋ ಲಂಡನ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಹಗಲು ಓಡಾಡಬಹುದು, ರಾತ್ರಿ ಕಟ್ಟುಪಾಡು. 18 ಟನ್ ಮೇಲಿನ ಲಾರಿಗಳು ವಾರದ ದಿನ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ, ಮತ್ತೆ ಶನಿವಾರ ಮಧ್ಯಾಹ್ನ 1ರಿಂದ ಸೋಮವಾರ ಬೆಳಿಗ್ಗೆವರೆಗೆ, ಗೊತ್ತುಮಾಡಿದ ದೊಡ್ಡ ರಸ್ತೆಗಳಲ್ಲೇ ಹೋಗಬೇಕು. ಅದು ಬಿಟ್ಟು ಒಳರಸ್ತೆಗೆ ಬರಬೇಕಂದ್ರೆ ಪರ್ಮಿಟ್ ಬೇಕು. ಕಾರಣ ಒಂದೇ, ಜನ ಮಲಗಬೇಕು. 1980ರ ದಶಕದಿಂದ ಇದೆ. ಪೊಲೀಸರಲ್ಲ, ಸ್ಥಳೀಯ ಕೌನ್ಸಿಲ್‌ಗಳೇ ಸೇರಿ ನಡೆಸೋದು.

ಇನ್ನೊಂದು ನಿಯಮ ನನಗೆ ಹಿಡಿಸಿದ್ದು. 12 ಟನ್ ಮೇಲಿನ ಲಾರಿಗೆ, ಡ್ರೈವರ್ ಸೀಟಿಂದ ಕಣ್ಣಿಗೆ ನೇರವಾಗಿ ಎಷ್ಟು ಕಾಣುತ್ತೆ ಅಂತ ನೋಡಿ ಸ್ಟಾರ್ ಕೊಡ್ತಾರೆ. 2024ರ ಅಕ್ಟೋಬರ್‌ನಿಂದ ಮೂರು ಸ್ಟಾರ್ ಇಲ್ಲದಿದ್ರೆ ಕ್ಯಾಮೆರಾ, ಸೆನ್ಸರ್ ಹಾಕಿಸಲೇಬೇಕು. ಎಡಗಡೆ ಸಂದಿಯಲ್ಲಿ ಸೈಕಲಿನವರು ಸಿಕ್ಕಿಕೊಂಡು ಸಾಯ್ತಿದ್ರು, ಅದಕ್ಕೆ.

ಟೆಂಪೋ_ಲೆಕ್ಕ
ಲಂಡನ್ ಲಂಡನ್ನೇ ಗುರು. ಇಲ್ಲಿ ಸೈಡ್ ಮಿರರ್ ಮಡಚಿಕೊಂಡು ಓಡಿಸ್ತಾರೆ, ಸ್ಟಾರ್ ಎಲ್ಲಿಂದ ಕೊಡ್ತೀರಿ?

ಬೈಕ್_ಬಸಣ್ಣ
ನಗಬೇಡಿ, ಎಡಗಡೆ ಸಂದಿ ಇಲ್ಲೂ ಇದೆ. ನಮ್ಮ ಬೈಕಿನವರು ಮಾಡೋದೇನು? ಸಿಗ್ನಲ್‌ನಲ್ಲಿ ಲಾರಿ ಎಡಕ್ಕೆ ನುಗ್ಗಿ, ಮುಂದಿನ ಚಕ್ರದ ಪಕ್ಕ ನಿಲ್ಲೋದು. ಡ್ರೈವರ್‌ಗೆ ನೀವು ಕಾಣಲ್ಲ. ಅವನು ಎಡಕ್ಕೆ ತಿರುಗಿಸಿದ್ರೆ ಮುಂದಿನ ಚಕ್ರ ತಪ್ಪಿಸಿಕೊಂಡ್ರೂ ಹಿಂದಿನದು ಒಳಗೆ ಎಳ್ಕೊಳ್ಳುತ್ತೆ. ನಿಷೇಧ ಬರೋ ತನಕ ಕಾಯಬೇಡಿ, ಹಿಂದೆ ನಿಲ್ಲೋದು ಕಲೀರಿ.

ಹುಬ್ಬಳ್ಳಿ_ಹುಲಿ
ನಮ್ಮ ಕಡೆ ಕಥಿ ಕೇಳ್ರಿ. ಲಾರಿ ಊರಾಗ ಬರಬಾರ್ದು ಅಂತ ಗಬ್ಬೂರದಿಂದ ನರೇಂದ್ರದ ತನಕ ಬೈಪಾಸ್ ಮಾಡಿದ್ರು. ಛಲೋ ಆತು. ಆದ್ರ ಬರೇ ಎರಡು ಲೇನು ಮಾಡಿ ಟೋಲ್ ಹಚ್ಚಿದ್ರು. ಎದುರಾ ಎದುರಾ ಡಿಕ್ಕಿ ಹೊಡದು ಎಷ್ಟು ಮಂದಿ ಸತ್ರು. 2021ರ ಜನವರ್ಯಾಗ ಇಟಿಗಟ್ಟಿ ಹತ್ರ ದಾವಣಗೆರಿ ಹೆಣ್ಮಕ್ಕಳ ಟೆಂಪೋ ಟ್ರಾವೆಲರ್ ಅಪಘಾತ ಆತಲ್ರಿ, ಗೆಳತ್ಯಾರು ಕೂಡಿ ಗೋವಾಕ್ಕ ಹೊಂಟಿದ್ರು. ಅದಾದ ಮ್ಯಾಲ ಆರು ಲೇನಿನ ಕೆಲಸ ಎಬ್ಬಿಸಿದ್ರು. ಊರಾಗಿಂದ ಲಾರಿ ಹೊರಗ ಹಾಕಿದ್ರ ಆತು ಅನ್ನಬ್ಯಾಡ್ರಿ, ಹೊರಗಿನ ರಸ್ತೆ ಹೆಂಗೈತಿ ಅದನ್ನ ಮೊದಲ ನೋಡ್ರಿ.

ಕುಡ್ಲದ_ಹುಡುಗ
ಮಂಗಳೂರಿನಲ್ಲಿ ಬೈಪಾಸೇ ಊರೊಳಗೆ ಉಂಟು ಮಾರಾಯ್ರೆ. ಹೈವೇ ಹೋಗುವುದೇ ನಂತೂರು, ಕೆಪಿಟಿ, ಕೊಟ್ಟಾರ ಚೌಕಿ ಮೇಲಿಂದ. ಪಣಂಬೂರು ಬಂದರಿಗೆ ಹೋಗುವ ಲಾರಿ, ಗ್ಯಾಸಿನ ಬುಲೆಟ್ ಟ್ಯಾಂಕರ್, ಕಾಲೇಜು ಮಕ್ಕಳ ಸಿಟಿ ಬಸ್ಸು, ಎಲ್ಲ ಒಂದೇ ಸರ್ಕಲ್‌ನಲ್ಲಿ. ನಿಷೇಧ ಮಾಡುವುದು ಯಾರನ್ನು? ಬಂದರನ್ನಾ?

ಅಮ್ಮು_ಮತ್ತಿಕೆರೆ
@ಕುಡ್ಲದ_ಹುಡುಗ ಪಂಪ್‌ವೆಲ್ ಫ್ಲೈಓವರ್ ಆಯ್ತಲ್ಲ, ಅದನ್ನೇ ನೆನೆಸ್ಕೊಂಡು ಖುಷಿಪಡಿ 😄

ಕುಡ್ಲದ_ಹುಡುಗ
2020ರಲ್ಲಿ ಆಯ್ತು. ಕೆಲಸ ಮುಗಿಯದ್ದರ ಜೋಕುಗಳೇ ಒಂದು ಹತ್ತು ವರ್ಷ ಓಡಿತ್ತು. ಈಗ ಮಳೆ ಬಂದರೆ ಅಡಿಯಲ್ಲಿ ನೀರು ನಿಲ್ಲುತ್ತದೆ, ಹೊಸ ಜೋಕು ಸುರು.

ದೆಹಲಿ_ಕನ್ನಡಿಗ
ದೆಹಲಿಯಲ್ಲಿ ಆದದ್ದು ಹೇಳ್ತೀನಿ. ಅಲ್ಲಿನ ದೊಡ್ಡ ತಲೆನೋವು ದೆಹಲಿಗೆ ಸಂಬಂಧವೇ ಇಲ್ಲದ ಲಾರಿಗಳು. ಹರಿಯಾಣದಿಂದ ಉತ್ತರ ಪ್ರದೇಶಕ್ಕೆ ಹೋಗೋವು ಊರೊಳಗಿಂದ ನುಗ್ಗೋವು. 2015ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಪರಿಹಾರ ಶುಲ್ಕ ಹಾಕ್ತು, ಸಣ್ಣ ಗಾಡಿಗೆ 700, ದೊಡ್ಡದಕ್ಕೆ 1,300 ರೂಪಾಯಿ. ಅಲ್ಲೀವರೆಗೆ ಟೋಲ್ ಉಳಿಸೋಕೆ ಅಂತಲೇ ಊರೊಳಗೆ ಬರ್ತಿದ್ರು, ಆ ಲಾಭ ಹೋಯ್ತು. 2018ರಲ್ಲಿ ಪೂರ್ವ, ಪಶ್ಚಿಮ ಎರಡೂ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಮುಗಿದ ಮೇಲೆ ಸುತ್ತು ಹಾಕೋಕೆ ದಾರಿ ಸಿಕ್ತು. ಬರೀ ನಿಷೇಧ ಹಾಕಿ ಕೂತಿದ್ರೆ ಏನೂ ಆಗ್ತಿರಲಿಲ್ಲ.

ಯಾರ್ಡ್_ಮಂಡಿಯವ
ಇದು ಮಾತು! ನಮ್ಮೂರಲ್ಲೂ ಅಷ್ಟೇ. ಯಾರ್ಡಿಗೆ ಬರೋ ಲಾರಿ ಬೇರೆ, ಸುಮ್ಮನೆ ಹಾದು ಹೋಗೋ ಲಾರಿ ಬೇರೆ. ಪುಣೆಯಿಂದ ಹೊಸೂರಿಗೆ ಹೋಗೋನು ಗೊರಗುಂಟೆಪಾಳ್ಯದಲ್ಲಿ ಯಾಕೆ ನಿಲ್ಲಬೇಕು? ನೈಸ್ ಟೋಲ್ ರೋಡಲ್ಲಿ ಹೋಗಲಿ.

ಗಾಡಿ_ಡ್ರೈವರ್_ಸಿರಾ
ನೈಸ್ ಟೋಲ್ ಮಾಲೀಕ ಕೊಡಲ್ಲ ಅಣ್ಣಾ. ಔಟರ್ ರಿಂಗ್ ರೋಡಲ್ಲಿ ಹೋಗು ಅಂತಾನೆ.

ಡಾಂಬರು_ಎಂಜಿನಿಯರ್
ಅದಕ್ಕೇ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಮಾಡ್ತಿರೋದು, ಒಟ್ಟು ಸುಮಾರು 280 ಕಿಮೀ. ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ದೇವನಹಳ್ಳಿ–ಹೊಸಕೋಟೆ ಕಡೆ ಆಗಲೇ ಲಾರಿ ಓಡ್ತಿದೆ. ಚೆನ್ನೈಗೆ ಹೋಗೋರಿಗೆ ಅದೇ ಒಳ್ಳೇ ದಾರಿ, ಊರಿಗೆ ಕಾಲಿಡೋದೇ ಬೇಡ. ಪೆರಿಫೆರಲ್ ರಿಂಗ್ ರೋಡ್ ಮಾತ್ರ ಕೇಳಬೇಡಿ, ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಹೊಸ ಹೆಸರು ಬಂತು. ನಾನು ಕೆಲಸಕ್ಕೆ ಸೇರಿದಾಗ ಆ ಫೈಲ್ ಇತ್ತು, ನಾನು ರಿಟೈರ್ ಆದೆ, ಫೈಲ್ ಇನ್ನೂ ಸರ್ವಿಸ್‌ನಲ್ಲಿದೆ.

ರಾಜಾಜಿನಗರ_ರಘು
😂😂

ವಾರ್ಡ್_ವಿಮಲಾ
ಎಲ್ಲರೂ ಹೊರರಾಜ್ಯದ ಲಾರಿ ಬಗ್ಗೆನೇ ಮಾತಾಡ್ತಿದ್ದೀರಿ. ನಮ್ಮ ಅಡ್ಡರಸ್ತೆಗಳಲ್ಲಿ ಓಡಾಡೋ ಭಾರಿ ಗಾಡಿ ಯಾವುದು ಅಂತ ಬಾಗಿಲಲ್ಲಿ ನಿಂತು ನೋಡಿ. ನೀರಿನ ಟ್ಯಾಂಕರ್. ರೆಡಿಮಿಕ್ಸ್ ಕಾಂಕ್ರೀಟ್ ಗಾಡಿ. ಎಂ-ಸ್ಯಾಂಡ್ ಟಿಪ್ಪರ್. ಕಸದ ಕಾಂಪ್ಯಾಕ್ಟರ್. ಮೊದಲ ಮೂರನ್ನ ಕರೆಸ್ಕೊಳೋದು ಯಾರು? ನಾವೇ. ಕೊನೇದು ಪಾಲಿಕೆಯದೇ ಕೆಲಸ. 2022ರಲ್ಲಿ ಕಸದ ಲಾರಿಗೆ ಸಿಕ್ಕಿ ಒಬ್ಬರಾದ ಮೇಲೆ ಒಬ್ಬರು ಸತ್ತಾಗ ಊರೆಲ್ಲಾ ಗಲಾಟೆ ಆಗಿತ್ತು, ಮರೆತುಹೋಯ್ತಾ?

ನಮ್ಮ ರಸ್ತೆಯಲ್ಲಿ ಐದು ಮಹಡಿ ಎಬ್ಬಿಸ್ತಿರೋ ಮನೆಯವರೇ ಲಾರಿ ವಿರುದ್ಧದ ಮನವಿಗೆ ಮೊದಲ ಸಹಿ ಹಾಕಿದ್ದು. ಅವರ ಕಾಂಕ್ರೀಟ್ ಏನು ಹೆಲಿಕಾಪ್ಟರಲ್ಲಿ ಬರುತ್ತಾ? ಮೋರಿ ಮೇಲಿನ ಚಪ್ಪಡಿ ಒಡೆದದ್ದು ಆ ಗಾಡಿಯೇ. ರಾತ್ರಿ ಬಂದು ಹಿಂದಿನ ಚಕ್ರ ಒಳಗೆ ಕೂತು, ಬೆಳಿಗ್ಗೆ ಜೆಸಿಬಿ ತಂದು ಎತ್ತಿದ್ರು. ಚಪ್ಪಡಿ ಹಾಗೇ ಬಿದ್ದಿದೆ, ಮೇಲೊಂದು ಬೇವಿನ ಕೊಂಬೆ ಸಿಕ್ಕಿಸಿದ್ದಾರೆ, ಯಾರೂ ಬೀಳದಿರಲಿ ಅಂತ.

ನಂದಿನಿಲೇಔಟ್_ನಿವಾಸಿ
@ವಾರ್ಡ್_ವಿಮಲಾ ನಮ್ಮ ಸಂಘದಲ್ಲೂ ಹಾಗೆ ಕಟ್ಟಿಸ್ತಿರೋರು ಇದ್ದಾರೆ. ಹೆಸರು ಬೇಡ.

ರಾಜಾಜಿನಗರ_ರಘು
ಅಡ್ಡರಸ್ತೆಗೆ ಹೈಟ್ ಗೇಜ್ ಹಾಕಿಬಿಡಿ. ಕಬ್ಬಿಣದ ಕಂಬ, ಮೇಲೊಂದು ಅಡ್ಡಪಟ್ಟಿ. ಮುಗೀತು.

ಅಮ್ಮು_ಮತ್ತಿಕೆರೆ
ಬೆಂಕಿ ಬಿದ್ರೆ ಫೈರ್ ಎಂಜಿನ್ ಎಲ್ಲಿಂದ ಬರುತ್ತೆ? ನಿಮ್ಮ ಅಡ್ಡಪಟ್ಟಿ ಬಿಚ್ಚೋಕೆ ಸ್ಪ್ಯಾನರ್ ಹುಡುಕ್ತಾ ನಿಲ್ಲಬೇಕಾ?

ರಾಜಾಜಿನಗರ_ರಘು
ಬೀಗ ಹಾಕಿದ ಗೇಟ್ ತರಹ ಮಾಡಬಹುದು.

ಹಳೇಬೆಂಗ್ಳೂರು
ಕೀ ಯಾರ ಹತ್ರ? ಸಂಘದ ಅಧ್ಯಕ್ಷರು ತಿರುಪತಿಗೆ ಹೋಗಿರ್ತಾರೆ.

ಕರಿಕೋಟು
ವಿಷಯಕ್ಕೆ ಬನ್ನಿ. ಮನವಿ ಬರೆಯೋದಾದ್ರೆ "ಪೂರ್ತಿ ನಿಷೇಧ" ಅನ್ನೋದು ಬಿಡಿ, ಅದು ಓದೋಕೂ ಮುಂಚೆ ಫೈಲ್ ಸೇರುತ್ತೆ. ಸಂಚಾರ ಪೊಲೀಸರಿಗೊಂದು, ಪಾಲಿಕೆಗೊಂದು, ಬೇರೆ ಬೇರೆ ಬರೀರಿ. ಪೊಲೀಸರಿಗೆ: ಹಾದು ಹೋಗೋ ಲಾರಿಯನ್ನ ನೆಲಮಂಗಲ, ದಾಬಸ್‌ಪೇಟೆಯಲ್ಲೇ ತಿರುಗಿಸಿ, ಸರ್ವಿಸ್ ರೋಡನ್ನ ನೋ ಪಾರ್ಕಿಂಗ್ ಮಾಡಿ. ಪಾಲಿಕೆಗೆ: ವಸತಿ ರಸ್ತೆಯ ಗೋಡೌನ್ ಲೈಸೆನ್ಸ್ ಪಟ್ಟಿ ಕೊಡಿ. ಕೊಡದಿದ್ರೆ ಆರ್‌ಟಿಐ ಹಾಕಿ. ಗದ್ದಲಕ್ಕೆ ಶಬ್ದ ಮಾಲಿನ್ಯ ನಿಯಮ 2000 ಇದೆ, ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಹಿಂದಿನ ಬಾಗಿಲು ಬಿದ್ದ ಸದ್ದೊಂದೇ ಅದನ್ನ ದಾಟುತ್ತೆ.

ಯಾರ್ಡ್_ಮಂಡಿಯವ
ಲಾಯರ್ ಸಾರ್, 45 ಡೆಸಿಬಲ್ ಅಂದ್ರೆ ನಮ್ಮ ಹಮಾಲರು ಕೆಮ್ಮಬಾರದು ಅಂತಾಯ್ತಲ್ಲ!

ಕರಿಕೋಟು
ಯಾರ್ಡ್ ವಸತಿ ಪ್ರದೇಶ ಅಲ್ಲ, ವಾಣಿಜ್ಯ ಪ್ರದೇಶದ ಮಿತಿ ಬೇರೆ. ನಿಶ್ಚಿಂತೆಯಿಂದ ಕೆಮ್ಮಲಿ.

ಬೈಕ್_ಬಸಣ್ಣ
ಸಂಬಂಧ ಇಲ್ಲ, ಆದ್ರೂ: ಮೊನ್ನೆ ಜಾಮ್‌ನಲ್ಲಿ ನನ್ನ ಮುಂದಿದ್ದ ಲಾರಿ ಹಿಂದೆ "ಅವಸರ ಇದ್ರೆ ನಿನ್ನೆನೇ ಹೊರಡಬೇಕಿತ್ತು" ಅಂತ ಬರೆದಿತ್ತು. ಯಶವಂತಪುರ ದಾಟೋ ತನಕ ಅದನ್ನೇ ಓದ್ತಾ ಹೋದೆ.

ಹುಬ್ಬಳ್ಳಿ_ಹುಲಿ
ಬರದಾವ ಬೆಂಗಳೂರು ನೋಡೇ ಬರದಾನ ತಗೋರಿ.

ಎಂಟನೇಮೈಲಿ
@ಕರಿಕೋಟು ನೆಲಮಂಗಲದಲ್ಲಿ ತಿರುಗಿಸಿ ಅಂದ್ರೆ ನೆಲಮಂಗಲದವರು ಇನ್ನೊಂದು ಮನವಿ ಬರೀತಾರೆ. ಅಲ್ಲೇನು ಜನ ಇಲ್ವಾ? ಲಾರಿ ನಿಲ್ಲೋಕೆ ಕಾಂಪೌಂಡ್ ಹಾಕಿದ ಜಾಗ, ನೀರು, ಕಕ್ಕಸು, ದೀಪ ಕೊಡಿ ಅಂತ ಅದೇ ಮನವಿಯಲ್ಲಿ ಕೇಳಿ. ಅದಿಲ್ಲದ ಮನವಿಗೆ ನಾನು ಸಹಿ ಹಾಕಲ್ಲ.

ನಂದಿನಿಲೇಔಟ್_ನಿವಾಸಿ
ಸೇರಿಸ್ತೀನಿ. ಭಾನುವಾರ ಸಂಘದ ಮೀಟಿಂಗ್ ಇದೆ, ಅಲ್ಲಿ ಈಗಿರೋ ಒಕ್ಕಣೆ ಬದಲಿಸಿ ಅಂತ ಕೇಳ್ತೀನಿ. ಒಪ್ಪಲಿಲ್ಲ ಅಂದ್ರೆ ಬೇರೆ ಮನವಿ. ಒಂದು ಅನುಮಾನ: ಗ್ಯಾಸ್ ಸಿಲಿಂಡರ್ ಲಾರಿ, ಪೆಟ್ರೋಲ್ ಟ್ಯಾಂಕರ್ ಇದ್ರಲ್ಲಿ ಬರುತ್ತಾ?

ಕರಿಕೋಟು
ಅಗತ್ಯ ವಸ್ತು ಅಂತ ಸಾಮಾನ್ಯವಾಗಿ ಆದೇಶದಲ್ಲೇ ವಿನಾಯಿತಿ ಬರೀತಾರೆ. ನೀವು ಬರೆಯೋಕೆ ಹೋಗಬೇಡಿ, ಒಂದನ್ನ ಬಿಟ್ರೆ ಅದರವರೇ ಜಗಳಕ್ಕೆ ಬರ್ತಾರೆ.

ರಾಜಾಜಿನಗರ_ರಘು
ನಾನು ಮಾತ್ರ ಹಳೇ ಮನವಿಗೇ ಸಹಿ ಹಾಕೋದು. ಫಾರಂ ಎಲ್ಲಿ ಸಿಗುತ್ತೆ?

ವಾರ್ಡ್_ವಿಮಲಾ
ನೀವು ರಾಜಾಜಿನಗರದವರು. ಇದು ನಂದಿನಿ ಲೇಔಟ್ ಸಂಘದ ಮನವಿ ಸಾರ್.